ಅಲ್ಲಾಹನ ಇಚ್ಛೆ ಮತ್ತು ನಮ್ಮ ಆಸೆ

ನಾವು ದಿನಕ್ಕೆ ಹತ್ತಾರು ಬಾರಿ ಉಚ್ಚರಿಸುವ ಮಾತುಗಳಲ್ಲಿ 'ಇನ್‌ಶಾ ಅಲ್ಲಾಹ್' ಎಂಬುದೂ ಒಂದು. ಅಲ್ಲಾಹನು ಇಚ್ಛಿಸಿದರೆ ಎಂದು ಅದರ ಅರ್ಥ. ಒಂದು ಕೆಲಸವನ್ನು ನಾಳೆ ಮಾಡುತ್ತೇನೆಂದು ಹೇಳುವಾಗ ಅಲ್ಲಾಹನ ಇಚ್ಛೆಯನ್ನು ಸೇರಿಸದೆ ಹೇಳಬಾರದೆಂದು ಪವಿತ್ರ ಕುರ್‌ಆನಿನ 'ಅಲ್ ಕಹ್ಫ್' ಅಧ್ಯಾಯವು ಕಲಿಸಿದೆ. ಆದರೆ ಇಂದು ನಮ್ಮ ನಡುವೆ ಈ ಮಾತಿಗೆ ಬಂದಿರುವ ಗತಿಯೇನು? ಸಾಲ ಕೊಟ್ಟವನು ಹಣ ಯಾವಾಗ ಕೊಡುತ್ತೀಯೆಂದು ಕೇಳಿದರೆ ಸಾಲಗಾರನು ಇನ್‌ಶಾ ಅಲ್ಲಾಹ್ ಎನ್ನುತ್ತಾನೆ. ಕೊಡುವ ಮನಸ್ಸಿಲ್ಲವೆಂಬುದು ಇಬ್ಬರಿಗೂ ಅರ್ಥವಾಗುತ್ತದೆ. ಅಲ್ಲಾಹನ ಇಚ್ಛೆಗೆ ತಲೆಬಾಗಿಸುವ ಮಾತು ಮನುಷ್ಯರಿಂದ ನುಣುಚಿಕೊಳ್ಳುವ ಮಾತಾಗಿ ಬಿಟ್ಟಿದೆ.

ಕನ್ನಡದಲ್ಲಿ ಒಂದು ಗಾದೆಯಿದೆ: 'ತಾನೊಂದು ಬಗೆದರೆ ದೈವವೊಂದು ಬಗೆಯಿತು.' ಬಯಸಿದ್ದು ಕೈತಪ್ಪಿ ಹೋದಾಗ ನಿಟ್ಟುಸಿರಿನೊಂದಿಗೆ ಹೊರಡುವ ಮಾತಿದು. ಒಂದನ್ನು ನಾವು ಕೆಲಸಕ್ಕೆ ಮುಂಚೆ ಹೇಳುತ್ತೇವೆ, ಇನ್ನೊಂದನ್ನು ಕೆಲಸ ಕೆಟ್ಟ ಮೇಲೆ ಹೇಳುತ್ತೇವೆ. ಇವೆರಡರ ನಡುವೆ, ಆಸೆಯು ಎದೆಯಲ್ಲಿ ಕುದಿಯುತ್ತಿರುವಾಗ, ಅಲ್ಲಾಹನ ಇಚ್ಛೆಗೆ ಎಷ್ಟು ಜಾಗ ಕೊಟ್ಟಿದ್ದೇವೆ? ಸತ್ಯವಿಶ್ವಾಸಿಯ ನಿಜವಾದ ಪರೀಕ್ಷೆ ಇರುವುದು ಅಲ್ಲಿಯೇ.

ವಕೀಲನೂ ನ್ಯಾಯಾಧೀಶನೂ

ಅಲ್ಲಾಹನ ಮೇಲೆ ಭರವಸೆಯಿಡುವುದಕ್ಕೆ ಅರಬಿಯಲ್ಲಿ 'ತವಕ್ಕುಲ್' ಎನ್ನುತ್ತಾರೆ. ನಾವು ಕನ್ನಡದಲ್ಲಿ ಬಳಸುವ 'ವಕೀಲ', 'ವಕಾಲತ್ತು' ಎಂಬ ಪದಗಳೂ ಅದೇ ಮೂಲದಿಂದ ಬಂದವು. ತನ್ನ ವ್ಯವಹಾರವನ್ನು ಇನ್ನೊಬ್ಬನ ಕೈಗೆ ಒಪ್ಪಿಸುವುದೇ ಅದರ ತಿರುಳು. ವಕಾಲತ್ತಿಗೆ ಸಹಿ ಹಾಕಿದ ಕಕ್ಷಿದಾರನು ತನ್ನ ಕಾಗದ ಪತ್ರಗಳನ್ನೆಲ್ಲ ತಂದುಕೊಡುತ್ತಾನೆ, ವಾಯಿದೆಯ ದಿನ ತಪ್ಪದೆ ಹಾಜರಾಗುತ್ತಾನೆ. ಆದರೆ ವಾದವನ್ನು ವಕೀಲನಿಗೆ ಬಿಡುತ್ತಾನೆ.

ಹೋಲಿಕೆ ಇಲ್ಲಿಯವರೆಗೆ ಸರಿ. ಇಲ್ಲಿಂದ ಮುಂದೆ ನಮ್ಮಲ್ಲಿ ಹೆಚ್ಚಿನವರು ದಾರಿ ತಪ್ಪುತ್ತೇವೆ. ನ್ಯಾಯಾಲಯದ ವಕೀಲನು ಕಕ್ಷಿದಾರನ ಆಸೆಗಾಗಿ ವಾದಿಸುವವನು. ಕಕ್ಷಿದಾರನು ಏನು ಬಯಸಬೇಕೆಂದು ಅವನು ಹೇಳುವುದಿಲ್ಲ. ನಾವು ಅಲ್ಲಾಹನನ್ನೂ ಅಂತಹ ವಕೀಲನೆಂದೇ ಭಾವಿಸುತ್ತೇವೆ. ಆಸೆ ನಮ್ಮದು, ಗಡುವು ನಮ್ಮದು, ಅದನ್ನು ಗೆದ್ದುಕೊಡುವ ಕೆಲಸ ಮಾತ್ರ ಅವನದು! ಗೆದ್ದರೆ 'ಅಲ್‌ಹಮ್ದುಲಿಲ್ಲಾಹ್', ಸೋತರೆ ದುಆ ಸ್ವೀಕೃತವಾಗಲಿಲ್ಲವೆಂಬ ದೂರು. ಅವನು ವಕೀಲನಷ್ಟೇ ಅಲ್ಲ, ನ್ಯಾಯಾಧೀಶನೂ ಹೌದು ಎಂಬುದನ್ನು ಮರೆಯುತ್ತೇವೆ. ಇಂತಹ ಭರವಸೆಯು ಅಲ್ಲಾಹನ ಮೇಲಿನ ಭರವಸೆಯಲ್ಲ, ತನ್ನ ಆಸೆಯ ಮೇಲಿನ ಭರವಸೆ. ತನ್ನ ದೇಹೇಚ್ಛೆಯನ್ನೇ ಆರಾಧ್ಯನನ್ನಾಗಿ ಮಾಡಿಕೊಂಡವನ ಬಗ್ಗೆ ಕುರ್‌ಆನ್ ನೀಡಿದ ಎಚ್ಚರಿಕೆಯು ಕುಡುಕನಿಗೆ ಅಥವಾ ಜೂಜುಕೋರನಿಗೆ ಮಾತ್ರ ಮೀಸಲಲ್ಲ.

ಕೆಟ್ಟ ಆಸೆಗಳ ವಿಷಯದಲ್ಲಿ ತೀರ್ಮಾನ ಸುಲಭ. ನಿಷಿದ್ಧವಾದುದನ್ನು ಬಯಸಬಾರದೆಂದು ಎಲ್ಲರಿಗೂ ಗೊತ್ತು. ಕಷ್ಟ ಬರುವುದು ನಮ್ಮ ಆಸೆಯು ಒಳ್ಳೆಯದಾಗಿದ್ದಾಗ. ನಾನು ಬಯಸಿದ್ದು ಧರ್ಮಸಮ್ಮತ, ಪುಣ್ಯಪ್ರದ, ಅದಕ್ಕಾಗಿ ದುಡಿದಿದ್ದೇನೆ, ಆದರೂ ಅದು ದೊರೆಯಲಿಲ್ಲ. ಆಗ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಹುದೈಬಿಯಾದ ಮೈದಾನಕ್ಕೆ ಹೋಗಬೇಕು.

ಒಳ್ಳೆಯ ಆಸೆಗೆ ಬಂದ ತಡೆ

ಹಿಜರಿ 6ನೇ ವರ್ಷ, ಕ್ರಿ.ಶ. 628. ಪ್ರವಾದಿ ಮುಹಮ್ಮದ್(ಸ)ರು ತಾವು ಸಂಗಾತಿಗಳೊಂದಿಗೆ ಪವಿತ್ರ ಮಸೀದಿಯನ್ನು ಪ್ರವೇಶಿಸಿದಂತೆ ಕನಸು ಕಂಡರು. ಪ್ರವಾದಿಯ ಕನಸು ಸಾಮಾನ್ಯ ಕನಸಲ್ಲ. ಸುಮಾರು 1400 ಮಂದಿ ಸಹಾಬಿಗಳು ಇಹ್ರಾಮ್ ಧರಿಸಿ, ಬಲಿಯ ಒಂಟೆಗಳೊಂದಿಗೆ ಮದೀನಾದಿಂದ ಹೊರಟರು. ಅವರು ಯುದ್ಧಕ್ಕೆ ಹೊರಟವರಲ್ಲ, ಉಮ್ರಾ ನಿರ್ವಹಿಸಲು ಹೊರಟವರು. ಮುಹಾಜಿರ್‌ಗಳ ಪಾಲಿಗಂತೂ ಅದು ಹುಟ್ಟೂರು. ಆರು ವರ್ಷಗಳಿಂದ ಕಅಬಾವನ್ನು ಕಣ್ಣಾರೆ ಕಾಣಲು ಅವರಿಗೆ ಸಾಧ್ಯವಾಗಿರಲಿಲ್ಲ. ಇದಕ್ಕಿಂತ ಶುದ್ಧವಾದ ಆಸೆ ಯಾವುದಿದ್ದೀತು?

ಮಕ್ಕಾದ ಹತ್ತಿರ ಹುದೈಬಿಯಾದಲ್ಲಿ ಪ್ರವಾದಿವರ್ಯ(ಸ)ರ ಒಂಟೆ ಕಸ್ವಾ ಕುಳಿತುಬಿಟ್ಟಿತು. ಎಷ್ಟು ಎಬ್ಬಿಸಿದರೂ ಏಳಲಿಲ್ಲ. ಒಂಟೆ ಹಟ ಹಿಡಿದಿದೆ ಎಂದು ಜನರು ಹೇಳಿದಾಗ, ಅದಕ್ಕೆ ಅಂತಹ ಸ್ವಭಾವವಿಲ್ಲವೆಂದೂ ಹಿಂದೆ ಆನೆಯನ್ನು ತಡೆದವನೇ ಇದನ್ನೂ ತಡೆದಿದ್ದಾನೆಂದೂ ಅವರು ಹೇಳಿದರು. ಜನರು ಒಂಟೆಯ ಹಟವನ್ನು ಕಂಡರು, ಪ್ರವಾದಿವರ್ಯರು ಒಂಟೆಯನ್ನು ತಡೆದವನನ್ನು ಕಂಡರು.

ಕುರೈಶರ ಪರವಾಗಿ ಸುಹೈಲ್ ಬಿನ್ ಅಮ್ರ್ ಸಂಧಾನಕ್ಕೆ ಬಂದನು. ಷರತ್ತುಗಳು ಕಠಿಣವಾಗಿದ್ದವು. ಈ ವರ್ಷ ಹಿಂದಿರುಗಬೇಕು, ಮುಂದಿನ ವರ್ಷ ಬಂದು ಮೂರು ದಿನ ಮಾತ್ರ ಇರಬಹುದು. ಮಕ್ಕಾದಿಂದ ಪೋಷಕರ ಅನುಮತಿಯಿಲ್ಲದೆ ಮದೀನಾಕ್ಕೆ ಬಂದವರನ್ನು ಮುಸ್ಲಿಮರು ಹಿಂದಕ್ಕೆ ಕಳುಹಿಸಬೇಕು, ಮದೀನಾದಿಂದ ಮಕ್ಕಾಕ್ಕೆ ಹೋದವರನ್ನು ಕುರೈಶರು ಕಳುಹಿಸಬೇಕಾಗಿಲ್ಲ. ಒಪ್ಪಂದ ಪತ್ರದಲ್ಲಿ 'ಅಲ್ಲಾಹನ ಸಂದೇಶವಾಹಕ' ಎಂದು ಬರೆಯುವುದಕ್ಕೂ ಸುಹೈಲ್ ಒಪ್ಪಲಿಲ್ಲ. ಅಷ್ಟರಲ್ಲಿ ಅವನ ಸ್ವಂತ ಮಗ, ಇಸ್ಲಾಮ್ ಸ್ವೀಕರಿಸಿದ್ದಕ್ಕಾಗಿ ಸೆರೆಯಲ್ಲಿದ್ದ ಅಬೂ ಜಂದಲ್(ರ), ಕಾಲಿನ ಸಂಕೋಲೆಯನ್ನು ಎಳೆಯುತ್ತಾ ಅಲ್ಲಿಗೆ ಬಂದು ಬಿದ್ದರು. ಮಾತು ಕೊಟ್ಟಾಗಿತ್ತು. ಅವರನ್ನೂ ಹಿಂದಕ್ಕೆ ಒಪ್ಪಿಸಬೇಕಾಯಿತು.

ಹಝ್ರತ್ ಉಮರ್(ರ)ರಿಗೆ ತಡೆದುಕೊಳ್ಳಲಾಗಲಿಲ್ಲ. ನಾವು ಸತ್ಯದಲ್ಲಿರುವಾಗ ಈ ಅಪಮಾನವನ್ನೇಕೆ ಸಹಿಸಬೇಕು, ನಾವು ಕಅಬಾಕ್ಕೆ ಹೋಗುತ್ತೇವೆಂದು ತಾವು ಹೇಳಿರಲಿಲ್ಲವೇ ಎಂದು ಕೇಳಿದರು. ಹೌದು, ಆದರೆ ಅದು ಇದೇ ವರ್ಷ ಎಂದು ಹೇಳಿದ್ದೆನೇ ಎಂಬುದು ಪ್ರವಾದಿವರ್ಯ(ಸ)ರ ಮರುಪ್ರಶ್ನೆಯಾಗಿತ್ತು.

ಇಡೀ ವಿಷಯದ ಕೀಲಿಕೈ ಈ ಮರುಪ್ರಶ್ನೆಯಲ್ಲಿದೆ. ವಾಗ್ದಾನ ಅಲ್ಲಾಹನದ್ದಾಗಿತ್ತು, 'ಇದೇ ವರ್ಷ' ಎಂಬುದು ಜನರ ಮನಸ್ಸು ಸೇರಿಸಿಕೊಂಡದ್ದಾಗಿತ್ತು. ನಾವು ನಮ್ಮ ಆಸೆಯನ್ನು ಅವನ ವಾಗ್ದಾನದ ಜೊತೆಗೆ ಎಷ್ಟು ಬಿಗಿಯಾಗಿ ಹೊಲಿದುಕೊಳ್ಳುತ್ತೇವೆಂದರೆ ಹೊಲಿಗೆಯೇ ಕಾಣಿಸುವುದಿಲ್ಲ. ಹೊಲಿಗೆ ಬಿಟ್ಟಾಗ ವಾಗ್ದಾನವೇ ಹರಿಯಿತೆಂದು ಕೂಗುತ್ತೇವೆ.

ದುಃಖವಿದೆ, ಆದರೂ ವಿಧೇಯತೆ

ಒಪ್ಪಂದವಾದ ಬಳಿಕ ಪ್ರವಾದಿವರ್ಯ(ಸ)ರು ಬಲಿಯರ್ಪಿಸಿ ತಲೆಬೋಳಿಸಿಕೊಳ್ಳುವಂತೆ ಸಹಾಬಿಗಳಿಗೆ ಹೇಳಿದರು. ಮೂರು ಬಾರಿ ಹೇಳಿದರೂ ಯಾರೂ ಏಳಲಿಲ್ಲ. ಬದ್ರ್‌ನಲ್ಲಿ, ಉಹುದ್‌ನಲ್ಲಿ ಪ್ರಾಣವನ್ನೇ ಪಣವಾಗಿಟ್ಟವರು ಇವರ ನಡುವೆ ಇದ್ದರು. ಪ್ರಾಣ ಕೊಡುವುದಕ್ಕಿಂತ ಆಸೆ ಬಿಡುವುದು ಕಷ್ಟವೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಪ್ರವಾದಿವರ್ಯ(ಸ)ರು ಡೇರೆಗೆ ಹೋಗಿ ಪತ್ನಿ ಉಮ್ಮು ಸಲಮಾ(ರ)ರಲ್ಲಿ ಇದನ್ನು ಹೇಳಿಕೊಂಡರು. ಯಾರೊಂದಿಗೂ ಮಾತನಾಡದೆ ತಾವೇ ಹೊರಗೆ ಹೋಗಿ ಬಲಿಯರ್ಪಿಸಿ ತಲೆಬೋಳಿಸಿಕೊಳ್ಳಿರೆಂದು ಆ ಮಹಿಳೆ ಸಲಹೆಯಿತ್ತರು. ಅವರು ಹಾಗೆಯೇ ಮಾಡಿದರು. ಅದನ್ನು ಕಂಡು ಎಲ್ಲರೂ ಎದ್ದರು. ದುಃಖದ ಭರದಲ್ಲಿ ಒಬ್ಬರ ತಲೆಯನ್ನು ಒಬ್ಬರು ಬೋಳಿಸುವಾಗ ಗಾಯವಾಗುವುದೋ ಎಂಬಂತಿತ್ತೆಂದು ವರದಿಗಳಲ್ಲಿದೆ.

ಅಲ್ಲಾಹನ ಇಚ್ಛೆಯನ್ನು ಒಪ್ಪಿಕೊಳ್ಳುವುದೆಂದರೆ ದುಃಖವೇ ಆಗದಿರುವುದಲ್ಲ. ಸಹಾಬಿಗಳ ದುಃಖವನ್ನು ಅಲ್ಲಿ ಯಾರೂ ಪಾಪವೆನ್ನಲಿಲ್ಲ. ಆಸೆಯು ಕೈಗೂಡದ ನೋವು ಎದೆಯಲ್ಲಿ ಇರುವಾಗಲೇ, ಮುಂದಿರುವ ಕರ್ತವ್ಯಕ್ಕಾಗಿ ಎದ್ದು ನಿಲ್ಲುವುದೇ ಶರಣಾಗತಿ. ಮನಸ್ಸು ಮೊದಲು ಸಮಾಧಾನಗೊಳ್ಳಲಿ, ಆಮೇಲೆ ಏಳುತ್ತೇನೆ ಎಂದು ಕಾದವನು ಏಳುವುದೇ ಇಲ್ಲ.

ಹಿಂದಿರುಗುವ ದಾರಿಯಲ್ಲಿ 'ಅಲ್ ಫತ್ಹ್' ಅಧ್ಯಾಯವು ಅವತೀರ್ಣಗೊಂಡಿತು. ಎಲ್ಲರೂ ಸೋಲೆಂದು ಬಗೆದುದನ್ನು ಅಲ್ಲಾಹನು ಸ್ಪಷ್ಟ ವಿಜಯವೆಂದು ಕರೆದನು. ಅದು ಹೇಗೆ ವಿಜಯವೆಂಬುದನ್ನು ಕಾಲ ತೋರಿಸಿತು. ಯುದ್ಧ ನಿಂತಾಗ ಜನರು ಪರಸ್ಪರ ಬೆರೆತು ಮಾತನಾಡಲು ಸಾಧ್ಯವಾಯಿತು. ಖಾಲಿದ್ ಬಿನ್ ವಲೀದ್(ರ) ಮತ್ತು ಅಮ್ರ್ ಬಿನ್ ಆಸ್(ರ) ಇಸ್ಲಾಮಿಗೆ ಬಂದದ್ದು ಇದೇ ಅವಧಿಯಲ್ಲಿ. ಓಡಿಬಂದವರನ್ನು ಹಿಂದಿರುಗಿಸಬೇಕೆಂಬ ಷರತ್ತು ಕುರೈಶರಿಗೇ ಮುಳುವಾಗಿ, ಅದನ್ನು ರದ್ದುಪಡಿಸಲು ಅವರೇ ಕೇಳಿಕೊಂಡರು. ಹುದೈಬಿಯಾಕ್ಕೆ 1400 ಮಂದಿಯೊಂದಿಗೆ ಬಂದಿದ್ದ ಪ್ರವಾದಿವರ್ಯ(ಸ)ರು ಹಿಜರಿ 8ರಲ್ಲಿ, ಅಂದರೆ ಕ್ರಿ.ಶ. 630ರಲ್ಲಿ, 10,000 ಮಂದಿಯೊಂದಿಗೆ ಮಕ್ಕಾ ಪ್ರವೇಶಿಸಿದರು. ಆ ಬಳಿಕ ಸುಹೈಲ್ ಕೂಡ ಮುಸ್ಲಿಮರಾದರು.

ಆದರೆ ಇದಕ್ಕಿಂತಲೂ ಮನಮುಟ್ಟುವ ಒಂದು ಕಾರಣವನ್ನು ಅದೇ ಅಧ್ಯಾಯವು ತಿಳಿಸುತ್ತದೆ. ಮಕ್ಕಾದೊಳಗೆ ತಮ್ಮ ವಿಶ್ವಾಸವನ್ನು ಬಚ್ಚಿಟ್ಟುಕೊಂಡಿದ್ದ ಪುರುಷರೂ ಸ್ತ್ರೀಯರೂ ಇದ್ದರು. ಹೊರಗೆ ನಿಂತವರಿಗೆ ಅವರ ಅರಿವಿರಲಿಲ್ಲ. ಆ ದಿನ ಕತ್ತಿ ಹಿರಿದಿದ್ದರೆ ಅವರು ಅರಿವಿಲ್ಲದೆಯೇ ತುಳಿತಕ್ಕೆ ಸಿಕ್ಕಿಬಿಡುತ್ತಿದ್ದರು. ಸ್ವಲ್ಪ ಯೋಚಿಸಿ ನೋಡಿ. 1400 ಮಂದಿಯ ಆಸೆ ಒಂದು ಕಡೆ. ಇನ್ನೊಂದು ಕಡೆ, ಯಾವುದೋ ಮನೆಯ ಮೂಲೆಯಲ್ಲಿ ಸದ್ದಿಲ್ಲದೆ ಸುಜೂದ್ ಮಾಡುತ್ತಿದ್ದ ಒಬ್ಬ ಅಪರಿಚಿತ ಹೆಂಗಸಿನ ಪ್ರಾಣ. ನಮ್ಮ ಆಸೆಯ ಲೆಕ್ಕದಲ್ಲಿ ನಾವು ಮತ್ತು ನಮ್ಮವರು ಮಾತ್ರ ಇರುತ್ತೇವೆ. ಅಲ್ಲಾಹನ ಲೆಕ್ಕದಲ್ಲಿ ನಾವು ಅರಿಯದವರೂ ಇರುತ್ತಾರೆ.

ವರ್ಷಗಳ ಬಳಿಕ, ಹಿಜರಿ 37ರ ಸಿಫ್ಫೀನ್ ಕದನದ ಸಂದರ್ಭದಲ್ಲಿ, ಸಹ್ಲ್ ಬಿನ್ ಹುನೈಫ್(ರ) ಜನರಿಗೆ ಇದನ್ನೇ ನೆನಪಿಸಿದರು. ಅಬೂ ಜಂದಲ್‌ರ ಆ ದಿನ ತನಗೆ ಸಾಧ್ಯವಿದ್ದಿದ್ದರೆ ಪ್ರವಾದಿಯ ಆದೇಶವನ್ನೇ ತಿರಸ್ಕರಿಸಿ ಬಿಡುತ್ತಿದ್ದೆನೆಂದು ಹೇಳಿ, ನಿಮ್ಮ ನಿಮ್ಮ ಅಭಿಪ್ರಾಯಗಳನ್ನೇ ಸಂಶಯದಿಂದ ನೋಡಿರೆಂದು ಬುದ್ಧಿ ಹೇಳಿದರು.

'ಮುಂದಿನ ವರ್ಷ' ಬಾರದವರು

ಇಲ್ಲಿ ಓದುಗರು ಒಂದು ಆಕ್ಷೇಪವೆತ್ತಬಹುದು. ಹುದೈಬಿಯಾದವರಿಗೆ ಮುಂದಿನ ವರ್ಷವೇ ಉಮ್ರಾ ದೊರೆಯಿತು, ಬಿಟ್ಟುಕೊಟ್ಟದ್ದಕ್ಕೆ ಬಡ್ಡಿ ಸಮೇತ ಸಿಕ್ಕಿತಲ್ಲ, ಸಿಗದವರ ಗತಿಯೇನು ಎಂದು. ಆಕ್ಷೇಪ ನ್ಯಾಯವಾದದ್ದೇ. ಹುದೈಬಿಯಾದಿಂದ ಹಿಂದಿರುಗಿದವರಲ್ಲಿ ಕೆಲವರು ಮರುವರ್ಷದ ಉಮ್ರಾಕ್ಕೆ ಮೊದಲೇ ಖೈಬರ್‌ನಲ್ಲಿ ಹುತಾತ್ಮರಾದರು. ಇಹ್ರಾಮ್ ಧರಿಸಿ ಹೊರಟಿದ್ದ ಅವರು ಮತ್ತೆ ಕಅಬಾವನ್ನು ಕಾಣಲೇ ಇಲ್ಲ.

ನಮ್ಮ ಕಾಲದಲ್ಲಿಯೂ ಇದನ್ನು ಕಂಡಿದ್ದೇವೆ. 2020ರಲ್ಲಿ ಕೋವಿಡ್‌ನಿಂದಾಗಿ ಹೊರದೇಶಗಳಿಂದ ಯಾರೂ ಹಜ್ಜ್‌ಗೆ ಹೋಗಲಾಗಲಿಲ್ಲ. 2021ರಲ್ಲೂ ಹಾಗೆಯೇ ಆಯಿತು. 2022ರಲ್ಲಿ ದಾರಿ ತೆರೆದಾಗ 65 ವರ್ಷ ಮೀರಿದವರಿಗೆ ಅವಕಾಶವಿರಲಿಲ್ಲ. ಗದ್ದೆಯ ಫಸಲು, ಬೀಡಿ ಸುತ್ತಿದ ಕೂಲಿ, ಮಕ್ಕಳು ಗಲ್ಫ್‌ನಿಂದ ಕಳುಹಿಸಿದ ಹಣವನ್ನೆಲ್ಲ ಕೂಡಿಟ್ಟು ಕಾದಿದ್ದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಆ ವರ್ಷಗಳಲ್ಲೇ ಕಣ್ಮುಚ್ಚಿದರು. ಹಜ್ಜ್ ಯಾತ್ರಿಕರನ್ನು ಬೀಳ್ಕೊಡುವ ಬೆಂಗಳೂರಿನ ಹಜ್ಜ್ ಭವನವು 2020ರಲ್ಲಿ ಕೋವಿಡ್ ಆರೈಕೆ ಕೇಂದ್ರವಾಗಿ ಬಳಕೆಯಾಯಿತು. ಲಬ್ಬೈಕ್ ಮೊಳಗಬೇಕಾದಲ್ಲಿ ರೋಗಿಗಳು ಮಲಗಿದರು. ತನ್ನ ಆಸೆಯನ್ನು ಮಾತ್ರ ಕಂಡವನಿಗೆ ಆ ಭವನ ಬರಿದಾಗಿ ಕಂಡಿರಬಹುದು. ಆದರೆ ರೋಗಿಯ ಆರೈಕೆ ನಡೆದ ಜಾಗವನ್ನು ಬರಿದೆನ್ನಲು ಸತ್ಯವಿಶ್ವಾಸಿಗೆ ಮನಸ್ಸು ಬಂದೀತೇ?

ತವಕ್ಕುಲ್ ಒಂದು ವ್ಯಾಪಾರವಲ್ಲ. ಇದನ್ನು ಬಿಟ್ಟರೆ ಅದಕ್ಕಿಂತ ದೊಡ್ಡದು ಇಲ್ಲಿಯೇ ಸಿಗುವುದೆಂಬ ಲೆಕ್ಕಾಚಾರವು ಆಸೆಯೇ ಇನ್ನೊಂದು ವೇಷದಲ್ಲಿ ಬಂದದ್ದು. ಒಂದು ಸತ್ಕಾರ್ಯವನ್ನು ಮಾಡಲು ನಿರ್ಧರಿಸಿ ಮಾಡಲಾಗದವನಿಗೂ ಪೂರ್ಣವಾದ ಒಂದು ಪುಣ್ಯವನ್ನು ಬರೆಯಲಾಗುವುದೆಂದು ಪ್ರವಾದಿವರ್ಯ(ಸ)ರು ತಿಳಿಸಿದ್ದಾರೆ. ಆ ಹಿರಿಯರ ಹಜ್ಜ್ ತಪ್ಪಿರಬಹುದು, ಅವರ ಸಂಕಲ್ಪವು ವ್ಯರ್ಥವಾಗಲಿಲ್ಲ. ಪರಲೋಕದಲ್ಲಿ ವಿಶ್ವಾಸವಿರುವವನಿಗೆ ಈ ಲೋಕವೇ ಕೊನೆಯ ಪುಟವಲ್ಲ.

ಸೋಮಾರಿಯ ಭರವಸೆ

ಹಾಗಾದರೆ ಎಲ್ಲವನ್ನೂ ಅಲ್ಲಾಹನ ಇಚ್ಛೆಗೆ ಬಿಟ್ಟು ಕೈಕಟ್ಟಿ ಕೂರಬಹುದೇ? ಒಂಟೆಯನ್ನು ಕಟ್ಟಿ ಭರವಸೆಯಿಡಬೇಕೆಂಬ ಪ್ರವಾದಿ ವಚನವನ್ನು ಕೇಳದವರಿಲ್ಲ. ಹಿಜ್‌ರತ್‌ನ ಪ್ರಯಾಣವನ್ನೇ ನೋಡಿರಿ. ಅಲ್ಲಾಹನ ನೆರವು ಖಚಿತವಾಗಿದ್ದರೂ ಪ್ರವಾದಿವರ್ಯ(ಸ)ರು ಮೂರು ರಾತ್ರಿ ಸೌರ್ ಗುಹೆಯಲ್ಲಿ ಅಡಗಿದರು. ದಾರಿ ಬಲ್ಲ ಒಬ್ಬ ಮಾರ್ಗದರ್ಶಿಯನ್ನು ಕೂಲಿಗೆ ಗೊತ್ತುಪಡಿಸಿದರು. ಅವನು ಮುಸ್ಲಿಮನೂ ಆಗಿರಲಿಲ್ಲ.

ಹಿಜರಿ 18ರಲ್ಲಿ ಸಿರಿಯಾಕ್ಕೆ ಹೊರಟಿದ್ದ ಖಲೀಫಾ ಉಮರ್(ರ)ರಿಗೆ ಸರ್ಗ್ ಎಂಬಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ತಲುಪಿತು. ಸಂಗಾತಿಗಳೊಂದಿಗೆ ಸಮಾಲೋಚಿಸಿ ಅವರು ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಅಬೂ ಉಬೈದಾ(ರ) ಕೇಳಿದಾಗ, ಅವನ ಒಂದು ವಿಧಿಯಿಂದ ಅವನ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟರು. ಹಸಿರು ಇಳಿಜಾರು ಮತ್ತು ಬರಡು ಇಳಿಜಾರು ಎರಡೂ ಇರುವ ಕಣಿವೆಯಲ್ಲಿ ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ ಎಂಬ ಉದಾಹರಣೆಯನ್ನೂ ನೀಡಿದರು. ಪ್ಲೇಗ್ ಇರುವ ಊರಿಗೆ ಹೋಗಬಾರದು, ಇರುವ ಊರಿನಿಂದ ಓಡಬಾರದು ಎಂಬ ಪ್ರವಾದಿ ವಚನವನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ) ತಿಳಿಸಿದಾಗ ಆ ತೀರ್ಮಾನಕ್ಕೆ ಬಲ ಬಂತು. ಮದ್ದು, ದುಡಿಮೆ, ವಿದ್ಯೆ, ಮುಂಜಾಗ್ರತೆ ಇವೆಲ್ಲವೂ ವಿಧಿಯ ಒಳಗಿವೆಯೇ ಹೊರತು ಹೊರಗಿಲ್ಲ. ಪುಸ್ತಕ ತೆರೆಯದ ವಿದ್ಯಾರ್ಥಿಯು ಅನುತ್ತೀರ್ಣನಾಗಿ ಹಣೆಬರಹವನ್ನು ದೂರಿದರೆ ಅದು ತವಕ್ಕುಲ್ ಅಲ್ಲ, ಅಪವಾದ ಹೊರಿಸುವಿಕೆ.

ಇನ್ನೊಬ್ಬರ ಮೇಲೆ ಹೇರುವ ದೇವೇಚ್ಛೆ

ಸೋಮಾರಿತನಕ್ಕಿಂತ ಅಪಾಯಕಾರಿಯಾದ ಇನ್ನೊಂದು ರೋಗವಿದೆ. ಅದು ನನ್ನ ಆಸೆಯನ್ನು ಇನ್ನೊಬ್ಬರಿಗೆ ಅಲ್ಲಾಹನ ಇಚ್ಛೆಯೆಂದು ಹೇಳುವುದು. ಓದಬೇಕೆನ್ನುವ ಮಗಳನ್ನು ಅವಳಿಗೊಪ್ಪದ ಕಡೆ ಮದುವೆ ಮಾಡಿಕೊಟ್ಟು, ಅವಳು ಅತ್ತರೆ ತಕ್‌ದೀರ್ ಎನ್ನುವ ತಂದೆಯಂದಿರಿದ್ದಾರೆ. ಕೂಲಿಯನ್ನು ಅರ್ಧ ಮುರಿದುಕೊಂಡು ಸಹನೆಯ ಮಹತ್ವವನ್ನು ಬೋಧಿಸುವ ಧಣಿಗಳಿದ್ದಾರೆ. ತಂಗಿಯ ವಾರೀಸು ಪಾಲನ್ನು ನುಂಗಿ, ಇದ್ದುದರಲ್ಲಿ ತೃಪ್ತಳಾಗೆಂದು ಉಪದೇಶಿಸುವ ಅಣ್ಣಂದಿರಿದ್ದಾರೆ. ಇಲ್ಲಿ ಕೆಲಸ ಮಾಡುತ್ತಿರುವುದು ಯಾರ ಇಚ್ಛೆ? ಆ ತಂದೆಯದು, ಆ ಧಣಿಯದು, ಆ ಅಣ್ಣನದು. ಅಲ್ಲಾಹನ ಹೆಸರು ಬರೀ ಮೊಹರಿಗಾಗಿ.

ಪ್ರವಾದಿವರ್ಯ(ಸ)ರ ಮಾದರಿ ಹೇಗಿತ್ತು? ತನಗೆ ಇಷ್ಟವಿಲ್ಲದ ಕಡೆ ತಂದೆ ಮದುವೆ ಮಾಡಿದರೆಂದು ಖನ್‌ಸಾ ಬಿಂತ್ ಖಿದಾಮ್(ರ) ಬಂದು ದೂರಿದಾಗ ಅವರು ಆ ಮದುವೆಯನ್ನೇ ರದ್ದುಪಡಿಸಿದರು. ದಾಸ್ಯದಿಂದ ಬಿಡುಗಡೆ ಹೊಂದಿದ ಬರೀರಾ(ರ) ತನ್ನ ಪತಿ ಮುಗೀಸ್‌ರನ್ನು ತ್ಯಜಿಸಿದರು. ಅವರು ಗಡ್ಡ ತೋಯುವಂತೆ ಅಳುತ್ತಾ ಮದೀನಾದ ಬೀದಿಗಳಲ್ಲಿ ಆಕೆಯ ಹಿಂದೆ ಅಲೆಯುತ್ತಿದ್ದರು. ಪ್ರವಾದಿವರ್ಯ(ಸ)ರಿಗೆ ಕನಿಕರವಾಗಿ, ಅವರ ಬಳಿಗೆ ಮರಳಬಾರದೇ ಎಂದು ಬರೀರಾರನ್ನು ಕೇಳಿದರು. ಇದು ಆಜ್ಞೆಯೇ ಎಂದು ಆಕೆ ಕೇಳಿದರು. ಅಲ್ಲ, ಶಿಫಾರಸು ಮಾತ್ರ ಎಂಬ ಉತ್ತರ ಬಂತು. ಹಾಗಾದರೆ ತನಗೆ ಬೇಡವೆಂದು ಆಕೆ ಹೇಳಿದರು. ವಿಷಯ ಅಲ್ಲಿಗೆ ಮುಗಿಯಿತು.

ಅಲ್ಲಾಹನ ಸಂದೇಶವಾಹಕರೇ ತಮ್ಮ ಬಯಕೆಗೂ ಅಲ್ಲಾಹನ ಆಜ್ಞೆಗೂ ನಡುವೆ ಇಷ್ಟು ಸ್ಪಷ್ಟವಾದ ಗೆರೆ ಎಳೆದಿರುವಾಗ, ಆ ಗೆರೆಯನ್ನು ಅಳಿಸಲು ನಮಗೆ ಅಧಿಕಾರ ಕೊಟ್ಟವರಾರು? ಅಲ್ಲಾಹನ ಇಚ್ಛೆಯ ಮುಂದೆ ತ್ಯಜಿಸಬೇಕಾದದ್ದು ನನ್ನ ಆಸೆಯನ್ನು, ನನ್ನ ಹೆಂಡತಿ ಮಕ್ಕಳ ಅಥವಾ ನೌಕರನ ಹಕ್ಕನ್ನಲ್ಲ. ಇನ್ನೊಬ್ಬರ ಕಣ್ಣೀರು ಕಂಡಾಗ ನನ್ನ ಪಾಲಿನ ದೇವೇಚ್ಛೆಯು ಆ ಕಣ್ಣೀರನ್ನು ಒರೆಸುವುದಾಗಿದೆ.

ಇಸ್ತಿಖಾರಾದ ಕೊನೆಯ ಮಾತು

ಪ್ರತಿಯೊಂದು ಕೆಲಸಕ್ಕೆ ಮುಂಚೆ ಮನಸ್ಸನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಲು ಪ್ರವಾದಿವರ್ಯ(ಸ)ರು ನಮಗೆ ಇಸ್ತಿಖಾರಾದ ಪ್ರಾರ್ಥನೆಯನ್ನು ಕಲಿಸಿದ್ದಾರೆ. ಕುರ್‌ಆನಿನ ಅಧ್ಯಾಯವನ್ನು ಕಲಿಸುವಷ್ಟು ಕಾಳಜಿಯಿಂದ ಅದನ್ನು ಕಲಿಸುತ್ತಿದ್ದರೆಂದು ಜಾಬಿರ್(ರ) ತಿಳಿಸುತ್ತಾರೆ. ಇಂದು ಅನೇಕರು ಅದನ್ನು ಕನಸು ಕಾಣುವ ವಿಧಾನವೆಂದು ತಿಳಿದಿದ್ದಾರೆ. ಕೆಲವರು ಮೊದಲೇ ತೀರ್ಮಾನಿಸಿಟ್ಟು ಅದಕ್ಕೆ ಒಪ್ಪಿಗೆಯ ಸಹಿ ಪಡೆಯುವಂತೆ ಎರಡು ರಕಅತ್ ಮುಗಿಸುತ್ತಾರೆ. ವಧುವನ್ನು ನೋಡಿಬಂದು ಬೇಡವೆನ್ನಲು ಸಂಕೋಚವಾದಾಗ ಇಸ್ತಿಖಾರಾ ಸರಿಬರಲಿಲ್ಲ ಎಂದು ಹೇಳಿಕಳುಹಿಸುವವರೂ ಇದ್ದಾರೆ.

ಆ ಪ್ರಾರ್ಥನೆಯ ಅರ್ಥವನ್ನು ಒಮ್ಮೆ ಗಮನವಿಟ್ಟು ಓದಬೇಕು. ನೀನು ಬಲ್ಲೆ, ನಾನು ಅರಿಯೆ ಎಂಬ ಒಪ್ಪಿಗೆ ಅದರಲ್ಲಿದೆ. ಈ ಕೆಲಸವು ನನಗೆ ಒಳ್ಳೆಯದಾಗಿದ್ದರೆ ಸುಲಭಗೊಳಿಸು, ಕೆಟ್ಟದಾಗಿದ್ದರೆ ಅದನ್ನು ನನ್ನಿಂದಲೂ ನನ್ನನ್ನು ಅದರಿಂದಲೂ ದೂರ ಮಾಡು ಎಂಬ ಬೇಡಿಕೆಯಿದೆ. ಕೊನೆಗೆ, ಒಳಿತು ಎಲ್ಲಿದ್ದರೂ ಅದನ್ನು ನನಗೆ ವಿಧಿಸು, ಬಳಿಕ ಅದರಲ್ಲಿ ನನ್ನನ್ನು ಸಂತೃಪ್ತನನ್ನಾಗಿಸು ಎಂಬ ಮೊರೆಯಿದೆ. ಬಯಸಿದ್ದನ್ನು ಕೊಡು ಎಂದು ಕೇಳುವುದು ಎಲ್ಲರಿಗೂ ಬರುತ್ತದೆ. ಕೊಟ್ಟದ್ದನ್ನು ಬಯಸುವ ಮನಸ್ಸು ಕೊಡು ಎಂದು ಕೇಳಲು ಪ್ರವಾದಿಯೇ ಕಲಿಸಬೇಕಾಯಿತು.

ಆದ್ದರಿಂದ ಸಹೋದರ ಸಹೋದರಿಯರೇ, ಆಸೆಪಡುವುದು ತಪ್ಪಲ್ಲ. ಆಸೆಗಾಗಿ ದುಡಿಯಿರಿ, ಪ್ರಾರ್ಥಿಸಿರಿ, ತಜ್ಞರನ್ನು ಕೇಳಿರಿ, ಒಂಟೆಯನ್ನು ಗಟ್ಟಿಯಾಗಿ ಕಟ್ಟಿರಿ. ಆದರೆ 'ಇದೇ ವರ್ಷ', 'ಇದೇ ಮನೆ', 'ಇದೇ ಕೆಲಸ', 'ಇದೇ ರೀತಿ' ಎಂಬ ಷರತ್ತುಗಳನ್ನು ಅವನ ವಾಗ್ದಾನಕ್ಕೆ ಹೊಲಿಯದಿರಿ. ಒಂಟೆ ದಾರಿಯಲ್ಲಿ ಕುಳಿತಾಗ ಅದಕ್ಕೆ ಹೊಡೆಯುವ ಮೊದಲು ಅದನ್ನು ಕೂರಿಸಿದವನನ್ನು ನೆನೆಯಿರಿ. ಹಿಂದಿರುಗಬೇಕಾಗಿ ಬಂದರೆ ಬರಿಗೈಯಲ್ಲಿ ಹಿಂದಿರುಗಬೇಡಿ, ಬಲಿಯರ್ಪಿಸಿ ಹಿಂದಿರುಗಿ.

ಅಲ್ಲಾಹನು ನಮ್ಮ ಆಸೆಗಳನ್ನು ಶುದ್ಧಗೊಳಿಸಲಿ. ಅವನು ತಡೆಹಿಡಿದುದರಲ್ಲಿಯೂ ಅವನ ಕರುಣೆಯನ್ನು ಕಾಣುವ ಕಣ್ಣನ್ನು ನಮಗೆ ಅನುಗ್ರಹಿಸಲಿ. ನಮ್ಮ ಇಚ್ಛೆಯನ್ನು ಅವನ ಇಚ್ಛೆಯೆಂದು ಇತರರ ಮೇಲೆ ಹೇರುವ ಪಾಪದಿಂದ ನಮ್ಮನ್ನು ಕಾಪಾಡಲಿ. ಆಮೀನ್.